ಬಣ್ಣದ ಫಕೀರಪ್ಪನ ಗೂಡ್ಸ್ ಇಂಜಿನ್ನು

"ಅಜ್ಜಾರೇ, ಆ ಇಂಜಿನ್ನಿಗೆ ಪೂರ್ತಿ ಬಣ್ಣ ಬಳಿಯದೆ ಹೊರಗೆ ಬಿಟ್ಟಿದ್ದಾರಲ್ಲ, ಯಾಕೆ?" ಎಂದು ಗುರುಪಾದಯ್ಯ ಕೇಳಿದ.

ರೈಲ್ವೆ ಗೇಟು ಮುಚ್ಚಿತ್ತು. ಗೇಟಿನ ಆಚೆ ಒಂದು ಗೂಡ್ಸ್ ಗಾಡಿ ಸಿಗ್ನಲ್ ಸಿಗದೆ ನಿಂತಿತ್ತು. ಅದರ ಇಂಜಿನ್ನಿಗೆ, ಕಿಟಕಿ ಸರಳುಗಳಿಗೆ ಬಳಿಯುತ್ತಾರಲ್ಲ, ಆ ರೆಡ್ ಆಕ್ಸೈಡ್ ಒಂದನ್ನೇ ಬಳಿದಿದ್ದರು. ಪಟ್ಟಿಯಿಲ್ಲ, ಹೊಳಪಿಲ್ಲ. ಬಿಳಿಯ ನಂಬರು ಮಾತ್ರ ಇತ್ತು.

ಗುರುಪಾದಯ್ಯ ಮಠದ ಮರಿ, ಅಂದರೆ ಮುಂದೆ ಸ್ವಾಮಿಯಾಗಬೇಕಾದವನು. ವಯಸ್ಸು ಮೂವತ್ತು ದಾಟಿದ್ದರೂ ಇನ್ನೂ ಬಿಳಿ ಬಟ್ಟೆಯಲ್ಲೇ ಇದ್ದ. ಅವನ ಜೊತೆ ಕಲಿತವರೆಲ್ಲ ಕಾವಿ ಉಟ್ಟು, ಬೇರೆ ಬೇರೆ ಊರಿನ ಮಠಗಳಲ್ಲಿ ಗದ್ದುಗೆ ಏರಿದ್ದರು. ಅಂದು ಬೆಳಿಗ್ಗೆ ಒಂದು ಊರಿನ ಭಕ್ತರು ಇವನನ್ನೇ ಸ್ವಾಮಿಯಾಗಿ ಕೊಡಿ ಎಂದು ಕೇಳಿಕೊಂಡು ಬಂದಿದ್ದರು. ಮಠದ ಹಿರಿಯ ಸ್ವಾಮಿಗಳಾದ ಅಜ್ಜ ಒಂದು ಹೂಂ ಅಂದಿದ್ದರೆ ಸಾಕಿತ್ತು. ಅಜ್ಜ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಬಂದವರಿಗೆ ಹೊಟ್ಟೆ ತುಂಬ ಊಟ ಹಾಕಿಸಿ ಕಳಿಸಿಬಿಟ್ಟರು. ಆಗಿನಿಂದ ಗುರುಪಾದಯ್ಯನಿಗೆ ಒಳಗೊಳಗೇ ಕುದಿಯುತ್ತಿತ್ತು.

"ಪಾಪ, ಅದರ ಗತಿಯೂ ನನ್ನ ಹಾಗೆಯೇ," ಎಂದ ಅವನು. "ದುಡಿಯುವುದಕ್ಕೆ ಬೇಕು. ಬಣ್ಣ ಮಾತ್ರ ಕೊಡುವುದಿಲ್ಲ."

ಅಜ್ಜ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತರು.

"ಪಾಪ ಗೀಪ ಅನ್ನಬೇಡ. ಅದನ್ನು ಹಾಗೇ ಬಿಡಬೇಕೆಂದು ಹಟ ಹಿಡಿದವನೊಬ್ಬನಿದ್ದ. ಬೇರೆ ಯಾರೋ ಅಲ್ಲ, ಬಣ್ಣ ಬಳಿಯುವವನೇ. ಗೇಟು ತೆಗೆಯುವುದು ತಡವಾಗುತ್ತದೆ. ಕೂತುಕೊಂಡು ಕೇಳು," ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ರೈಲು ಇಂಜಿನ್ನುಗಳನ್ನು ಬಿಚ್ಚಿ, ತೊಳೆದು, ಮತ್ತೆ ಕಟ್ಟುವ ಕಾರ್ಖಾನೆ ಇತ್ತು. ಅಲ್ಲಿಯ ಬಣ್ಣದ ಶೆಡ್ಡಿಗೆ ಫಕೀರಪ್ಪ ಎಂಬುವನು ಮೇಸ್ತ್ರಿ. ಊರವರು ಅವನನ್ನು ಬಣ್ಣದ ಫಕೀರಪ್ಪ ಎಂದೇ ಕರೆಯುತ್ತಿದ್ದರು. ಕೈ ಅಂದರೆ ಕೈ! ಅವನು ಎಳೆದ ಪಟ್ಟಿಯ ಪಕ್ಕ ದಾರ ಹಿಡಿದು ನೋಡಿದರೂ ಡೊಂಕು ಸಿಗುತ್ತಿರಲಿಲ್ಲ. ಅವನು ಬಳಿದ ಇಂಜಿನ್ನಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದಿತ್ತು. ಇದು ನನ್ನ ಮಾತಲ್ಲ ಮತ್ತೆ, ಅವನೇ ಹಾಗೆ ಹೇಳಿಕೊಂಡು ತಿರುಗುತ್ತಿದ್ದ.

ಆ ಕಾರ್ಖಾನೆಯಲ್ಲಿ ಒಂದು ರೂಢಿ ಇತ್ತು. ಗೂಡ್ಸ್ ಇಂಜಿನ್ನು ರಿಪೇರಿಯಾದ ಮೇಲೆ ಮೊದಲು ರೆಡ್ ಆಕ್ಸೈಡ್ ಒಂದನ್ನೇ ಬಳಿದು, ನಂಬರು ಬರೆದು, ಹಿಂದೆ ತುಂಬಿದ ಗಾಡಿ ಕಟ್ಟಿ ಘಟ್ಟಕ್ಕೆ ಕಳಿಸುವುದು. ಘಟ್ಟ ಹತ್ತಿ, ಇಳಿದು, ಕೆಲವು ದಿನ ದುಡಿದು ಬಂದ ಮೇಲೆ ಉಳಿದ ಬಣ್ಣ. ಯಾಕೆಂದರೆ ಆ ಮಂಕು ಕೆಂಪಿನ ಮೇಲೆ ಎಣ್ಣೆ ಸೋರಿದರೆ ಕಪ್ಪಗೆ ಕಾಣುತ್ತದೆ, ಬೆಸುಗೆ ಬಿಟ್ಟರೆ ಗೆರೆ ಕಾಣುತ್ತದೆ. ಹೊಳೆಯುವ ಬಣ್ಣವನ್ನು ದಪ್ಪಗೆ ಬಳಿದುಬಿಟ್ಟರೆ ಒಳಗಿನದು ಬೇಗ ಹೊರಗೆ ಬೀಳುವುದಿಲ್ಲ. ಹಿಂದಿನವರು ಯೋಚನೆ ಮಾಡಿಯೇ ಇಟ್ಟ ರೂಢಿ ಅದು.

ಆದರೆ ದುಡಿಯಲು ಹೋದ ಇಂಜಿನ್ನು ಬಣ್ಣಕ್ಕೆಂದು ತಿರುಗಿ ಬರುವುದೆಲ್ಲಿ? ಒಮ್ಮೆ ಕೈಗೆ ಸಿಕ್ಕಿತೆಂದರೆ ಗಾಡಿ ಓಡಿಸುವ ಕಚೇರಿಯವರು ಬಿಟ್ಟುಕೊಡುತ್ತಿರಲಿಲ್ಲ. "ಗೂಡ್ಸಿಗೆ ಬಣ್ಣ ಯಾಕ್ರಿ? ಹಿಂದ ಕುಂತ ಕಲ್ಲಿದ್ದಲು ನೋಡತೈತೇನು?" ಎನ್ನುತ್ತಿದ್ದರು. ಹಾಗಾಗಿ ಎಷ್ಟೋ ಇಂಜಿನ್ನುಗಳು ವರ್ಷಗಟ್ಟಲೆ ಕೆಂಪಿನಲ್ಲೇ ಓಡಾಡುತ್ತಿದ್ದವು.

ಫಕೀರಪ್ಪನಿಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಒಂದು ಸಲ ಅವನು ತಂಗಿಯನ್ನು ಗಾಡಿ ಹತ್ತಿಸಲು ಸ್ಟೇಷನ್ನಿಗೆ ಹೋಗಿದ್ದ. ಅಷ್ಟರಲ್ಲಿ ಅಂಥದ್ದೇ ಒಂದು ಕೆಂಪು ಇಂಜಿನ್ನು ಬುಸುಗುಡುತ್ತ ಬಂತು. ಬೆಂಚಿನ ಮೇಲೆ ಕೂತಿದ್ದ ಒಬ್ಬ, "ಇದೇನಪಾ, ಇಂಜಿನ್ನು ಅರಬತ್ತಲೆ ಬಂದೈತಿ! ಕಾರ್ಖಾನ್ಯಾಗ ಬಣ್ಣ ತೀರೇತೇನು?" ಎಂದ. ಸುತ್ತ ಇದ್ದವರೆಲ್ಲ ನಕ್ಕರು. ತಂಗಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳಿಗೇನು ಗೊತ್ತು ಪಾಪ. ಫಕೀರಪ್ಪನಿಗೆ ಮಾತ್ರ ನಡು ಬೀದಿಯಲ್ಲಿ ತನ್ನ ಪಂಚೆ ಬಿಚ್ಚಿಬಿದ್ದ ಹಾಗಾಯಿತು. ಅಂದು ಅವನಿಗೆ ಊಟ ಸೇರಲಿಲ್ಲ. ಇನ್ನು ಮೇಲೆ ನನ್ನ ಶೆಡ್ಡಿನಿಂದ ಪೂರ್ತಿ ಬಣ್ಣವಿಲ್ಲದೆ ಒಂದು ಇಂಜಿನ್ನೂ ಹೊರಗೆ ಹೋಗಬಾರದು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ.

ಮುಂದಿನ ಗೂಡ್ಸ್ ಇಂಜಿನ್ನು ಶೆಡ್ಡಿಗೆ ಬಂತು. ಚಕ್ರಗಳ ಮೇಲೆ ಕೂರುವ ಉಕ್ಕಿನ ಚೌಕಟ್ಟಿಗೆ ಹೊಸದಾಗಿ ಬೆಸುಗೆ ಹಾಕಿದ್ದರು. ಬೆಸುಗೆ ಹಾಕಿದ ಫಿಟ್ಟರ್ ಜೊತೆಯಲ್ಲೇ ಬಂದಿದ್ದ. ಫಕೀರಪ್ಪ ಹಸಿರು ಬಣ್ಣದ ಡಬ್ಬಿ ಬಿಚ್ಚುವುದನ್ನು ನೋಡಿ ಅವನಿಗೆ ಗಾಬರಿಯಾಯಿತು.

"ಫಕೀರಪ್ಪಣ್ಣ, ತಡಿಯೋ ಮಾರಾಯ. ಘಟ್ಟ ಹತ್ತಿ ಇಳದು ಬರಲಿ. ಆಮ್ಯಾಲೆ ಬೇಕಾದ್ರ ಬಂಗಾರ ಬಳಿ."

"ಯಾಕ, ನೀ ಹಾಕಿದ ವೆಲ್ಡಿಂಗ್ ಮ್ಯಾಲೆ ನಿನಗ ನಂಬಿಗಿ ಇಲ್ಲೇನು?"

ಇಂಥ ಮಾತಿಗೆ ಯಾರು ತಾನೆ ಏನು ಹೇಳಿಯಾರು? ಫಿಟ್ಟರ್ ಬಾಯಿ ಮುಚ್ಚಿಕೊಂಡು ಹೋದ. ನೋಡು ಪಾದಯ್ಯ, ಒಬ್ಬನ ಮಾನ ಇನ್ನೊಬ್ಬನ ಬಾಯಿಯನ್ನು ಹೇಗೆ ಕಟ್ಟಿತು.

ಫಕೀರಪ್ಪ ರಜೆಯ ದಿನವೂ ಮನೆಗೆ ಹೋಗದೆ ಬಳಿದ. ರೆಡ್ ಆಕ್ಸೈಡಿನ ಮೇಲೆ ಮೈಗೆಲ್ಲ ಹಸಿರು, ನಡುವೆ ಹಳದಿ ಪಟ್ಟಿ. ಬೇರೆಯವರು ಕೆಳಗಿನ ಚೌಕಟ್ಟಿಗೆ ಕಣ್ಣು ಮುಚ್ಚಿಕೊಂಡು ಕಪ್ಪು ಬಳಿದು ಎದ್ದುಬಿಡುತ್ತಾರೆ. ಇವನು ಅಲ್ಲಿಯೂ ಅಂಗಾತ ಮಲಗಿ, ಉಜ್ಜಿ, ಕೋಟಿನ ಮೇಲೆ ಕೋಟು, ಅಂದರೆ ಬಣ್ಣದ ಪದರದ ಮೇಲೆ ಪದರ, ಕೊಟ್ಟು ಹೊಳಪು ತಂದ. ಇಂಜಿನ್ನು ಹೊರಗೆ ಬಂದಾಗ ಡ್ರೈವರ್ ಮೌಲಾಲಿ ಅದರ ಸುತ್ತ ಒಂದು ಸುತ್ತು ಬಂದ. "ಇದು ಗೂಡ್ಸ್ ಇಂಜಿನ್ನೋ, ಮದುಮಗನೋ ಫಕೀರಪ್ಪಣ್ಣ? ಒಳಗ ಹತ್ತಾಕ ಕಾಲು ತೊಳಕೋಬೇಕು ನೋಡು!" ಎಂದ. ಫಕೀರಪ್ಪ ಹಿಗ್ಗಿ ಹೀರೇಕಾಯಿಯಾದ.

ಇಂಜಿನ್ನು ಘಟ್ಟ ಹತ್ತಿತು, ಇಳಿಯಿತು, ಬಂತು. ಫಿಟ್ಟರ್ ದೀಪ ಹಿಡಿದು ಸುತ್ತ ನೋಡಿದ. ಅವನಿಗೆ ತನ್ನದೇ ಮುಖ ಕಂಡಿತು, ಬೇರೇನೂ ಕಾಣಲಿಲ್ಲ. ಸರಿ ಇದೆ ಎಂದು ಹೇಳಿ ಬಿಟ್ಟ.

ಅಲ್ಲಿಂದ ಮುಂದೆ ಆ ಇಂಜಿನ್ನು ಊರಿಗೆ ಬಂದಾಗಲೆಲ್ಲ ಫಕೀರಪ್ಪ ಒಂದು ಬಟ್ಟೆ ಹಿಡಿದು ಯಾರ್ಡಿಗೆ ಹೋಗುತ್ತಿದ್ದ. ಗಂಡನ ಮನೆಗೆ ಕೊಟ್ಟ ಮಗಳನ್ನು ನೋಡಿ ಬರುವ ಹಾಗೆ ಹೋಗಿ, ಒರೆಸಿ, ನೋಡಿ ಬರುತ್ತಿದ್ದ. ಹಾಗೆ ಒಂದು ಸಲ ಹೋದಾಗ ಮುಂದಿನ ಚಕ್ರದ ಮೇಲೆ, ಚೌಕಟ್ಟಿನ ಮೂಲೆಯಲ್ಲಿ, ಕಪ್ಪು ಬಣ್ಣದ ನಡುವೆ ಒಂದು ಗೆರೆ ಕಂಡಿತು. ಕೂದಲೆಳೆಯಷ್ಟು ಸಣ್ಣ ಗೆರೆ. ಬಣ್ಣ ಕೆಂಪು.

ಅಯ್ಯೋ, ನನ್ನ ಬಣ್ಣ ಬಿರಿಯಿತಲ್ಲ! ಕೆಳಗಿನ ರೆಡ್ ಆಕ್ಸೈಡ್ ಇಣುಕುತ್ತಿದೆ!

ಅವನ ತಲೆಗೆ ಬಂದದ್ದು ಇಷ್ಟೇ. ಹುಟ್ಟಿದಾಗಿನಿಂದ ಬಣ್ಣವನ್ನೇ ನೋಡಿದವನು, ಬೇರೇನು ಬರಬೇಕು ಹೇಳು? ಯಾರಾದರೂ ನೋಡಿದರೆ ಮರ್ಯಾದೆ ಹೋಯಿತು ಎಂದು ಆಚೀಚೆ ನೋಡಿದ. ಶೆಡ್ಡಿಗೆ ಓಡಿ ಹೋಗಿ, ಸಂದು ಮುಚ್ಚುವ ಪುಟ್ಟಿ, ಕಪ್ಪು ಬಣ್ಣ ತಂದು, ಚೂರು ಪುಟ್ಟಿ ತುಂಬಿದ. ಮೇಲೆ ಕಪ್ಪು ಎಳೆದ. ಒಣಗುವವರೆಗೆ ಅಲ್ಲೇ ನಿಂತು ಬಾಯಿಂದ ಊದಿದ. ಗೆರೆ ಮಾಯವಾಯಿತು. ಉಸಿರು ಬಿಟ್ಟು ಮನೆಗೆ ಹೋದ.

ಇಂಜಿನ್ನು ಮತ್ತೆ ಬಂದಾಗ ಗೆರೆಯೂ ಬಂದಿತ್ತು. ಈ ಸಲ ಇನ್ನಷ್ಟು ಉದ್ದ. ಫಕೀರಪ್ಪ ಬಿಸಿಲನ್ನು ಬೈದ. ಬಣ್ಣದ ಡಬ್ಬಿಯನ್ನು ಬೈದ. ಅವಸರ ಮಾಡಿದ ತನ್ನ ಕೈಯನ್ನೂ ಬೈದುಕೊಂಡ. ಮತ್ತೆ ಪುಟ್ಟಿ ತುಂಬಿದ, ಮತ್ತೆ ಕಪ್ಪು ಬಳಿದ. ಅದರ ಮುಂದಿನ ಸಲವೂ ಅದೇ ಕತೆ. ನಗಬೇಡ ಪಾದಯ್ಯ. ಅವನು ಮೋಸ ಮಾಡುತ್ತಿರಲಿಲ್ಲ. ತನ್ನ ಕೆಲಸ ಕೆಟ್ಟಿದೆ, ಅದನ್ನು ಸರಿ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದ. ನಾಚಿಕೆ ಇದ್ದವನು ಮಾಡುವ ಕೆಲಸವನ್ನೇ ಮಾಡುತ್ತಿದ್ದ.

ಒಂದು ದಿನ ಮಧ್ಯಾಹ್ನ ಆ ಇಂಜಿನ್ನಿಗೆ ಅದಿರು ತುಂಬಿದ ಗಾಡಿ ಕಟ್ಟಿದ್ದರು. ಘಟ್ಟ ಇಳಿದು ಬಂದರಿಗೆ ಹೋಗಬೇಕು. ಮೌಲಾಲಿ ಒಳಗೆ ಹತ್ತಿ ಕೂತಿದ್ದ. ಫಕೀರಪ್ಪ ಬ್ರಷ್ಷು, ಡಬ್ಬಿ ಹಿಡಿದು ಚಕ್ರದ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತ. ಗೆರೆ ಬಂದೇ ಇತ್ತು. ಬಣ್ಣ ಹಿಡಿಯಲೆಂದು ಮೊದಲು ಧೂಳನ್ನು ಬಟ್ಟೆಯಿಂದ ಒರೆಸುವುದು ಅವನ ಅಭ್ಯಾಸ. ಅವತ್ತು ಬಟ್ಟೆ ತರಲು ಮರೆತಿದ್ದ. ಹೆಬ್ಬೆರಳಿನಿಂದ ಒರೆಸಿದ.

ಹೆಬ್ಬೆರಳು ಕೆಂಪಾಯಿತು.

ಅವನು ಬೆರಳು ನೋಡಿದ. ಇನ್ನೊಮ್ಮೆ ಒರೆಸಿ, ಇನ್ನೊಮ್ಮೆ ನೋಡಿದ. ಎಂದೋ ಬಳಿದು ಕಲ್ಲಿನ ಹಾಗೆ ಒಣಗಿದ ರೆಡ್ ಆಕ್ಸೈಡ್ ಬೆರಳಿಗೆ ಹತ್ತುವುದಿಲ್ಲ. ಇದು ಹತ್ತಿತ್ತು. ಪುಡಿಪುಡಿಯಾಗಿ ಹತ್ತಿತ್ತು. ಇದು ಬಣ್ಣವಲ್ಲ, ತುಕ್ಕು. ಬಿರಿದದ್ದು ಬಣ್ಣವಲ್ಲ, ಕಬ್ಬಿಣ. ಗಾಡಿ ಓಡಿದಂತೆಲ್ಲ ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ತಿಕ್ಕಿ ಆ ಕೆಂಪು ಪುಡಿ ಹೊರಗೆ ಬರುತ್ತಿತ್ತು. ಆ ಕಬ್ಬಿಣ ಕೂಗಿ ಹೇಳುತ್ತಿದ್ದ ಮಾತಿಗೆ ಇವನು ಸಲಸಲಕ್ಕೂ ಪುಟ್ಟಿ ತುಂಬಿ ಬಾಯಿ ಮುಚ್ಚಿಸಿದ್ದ.

ಆ ಗಳಿಗೆಯಲ್ಲಿ ಅವನ ಮನಸ್ಸು ಏನೇನು ಹೇಳಿತು ಗೊತ್ತೇ? ಇಷ್ಟು ದಿನ ಈ ಬಿರುಕನ್ನು ಹೊತ್ತುಕೊಂಡೇ ಘಟ್ಟ ಇಳಿದಿದೆಯಲ್ಲ, ಇವತ್ತೂ ಇಳಿದೀತು ಎಂದಿತು. ಬಂದ ಮೇಲೆ ಫಿಟ್ಟರನ್ನು ಮೆಲ್ಲಗೆ ಕರೆದು ಹೇಳಿದರಾಯಿತು ಎಂದಿತು. ಈಗಲೇ ಕೂಗಿದರೆ ಎಲ್ಲರೂ ಬರುತ್ತಾರೆ, ಕೆರೆದು ನೋಡುತ್ತಾರೆ, ಒಳಗೆ ಪದರದ ಮೇಲೆ ಪದರ ಪುಟ್ಟಿ ಸಿಗುತ್ತದೆ, ಬಣ್ಣದ ಫಕೀರಪ್ಪನ ಹೆಸರು ಅಲ್ಲಿಗೆ ಮುಗಿಯಿತು ಎಂದಿತು. ಒಂದು ಕಡೆ ಅವನ ಹೆಸರು, ಇನ್ನೊಂದು ಕಡೆ ಮೇಲೆ ಕೂತು ಬೀಡಿ ಸೇದುತ್ತಿದ್ದ ಮೌಲಾಲಿಯ ಜೀವ.

"ಫಕೀರಪ್ಪಣ್ಣ, ಹೊರಗ ಸರಿ. ಸಿಗ್ನಲ್ ಬಿತ್ತು," ಎಂದು ಮೌಲಾಲಿ ಕಿಟಕಿಯಿಂದ ಕೂಗಿದ.

ಫಕೀರಪ್ಪ ಬ್ರಷ್ಷನ್ನು ಕೆಳಗಿಟ್ಟ. ಎದ್ದು ಹೋಗಿ ಇಂಜಿನ್ನಿನ ಮುಂದೆ, ಹಳಿಗಳ ನಡುವೆ ನಿಂತ.

"ಮೌಲಾಲಿ, ಕೆಳಗ ಇಳಿ."

"ಯಾಕೋ?"

"ಇಳಿ ಅಂದ್ನಲ್ಲ. ಈ ಗಾಡಿ ಇವತ್ತ ಹೋಗೂದಿಲ್ಲ."

ಮೌಲಾಲಿ ಇಳಿದ. ಯಾರ್ಡಿನ ಸಾಹೇಬರು ಓಡಿ ಬಂದರು. ಹಿಂದಿನ ಗಾಡಿಗಳೆಲ್ಲ ನಿಲ್ಲುತ್ತವೆ, ಮೇಲಿನವರು ನನ್ನನ್ನು ಕೇಳುತ್ತಾರೆ, ಯಾರ ಅಪ್ಪಣೆ ತಗೊಂಡು ನಿಲ್ಲಿಸಿದೆ ಎಂದು ಕೂಗಾಡಿದರು. "ಪೇಂಟರ್ ಅದೀ, ಪೇಂಟ್ ಬಳಕೊಂಡು ಇರು!" ಎಂದರು. ಫಕೀರಪ್ಪ ಸೊಂಟದಿಂದ ಬಣ್ಣ ಹೆರೆಯುವ ಕಬ್ಬಿಣದ ಪಟ್ಟಿ ತೆಗೆದು ಮತ್ತೆ ಚಕ್ರದ ಬದಿಯಲ್ಲಿ ಕೂತ. ಹೆರೆಯತೊಡಗಿದ.

ಅವನಿಗೆ ಅಷ್ಟು ಹೆಸರು ತಂದ ಹೊಳಪು ಅದು. ಅದನ್ನು ಅವನೇ ಹೆರೆದು ಹೆರೆದು ನೆಲಕ್ಕೆ ಉದುರಿಸಿದ. ಮೊದಲು ಕಪ್ಪಿನ ಕೋಟು ಬಂತು. ಕೆಳಗೆ ಪುಟ್ಟಿ ಬಂತು. ಮತ್ತೆ ಕಪ್ಪು, ಮತ್ತೆ ಪುಟ್ಟಿ. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಅರ್ಥವಾಗುತ್ತಿದೆ ಎಂದು ಫಕೀರಪ್ಪನಿಗೂ ಗೊತ್ತಾಯಿತು. ಬೆನ್ನ ಮೇಲೆ ಬೆವರು ಹರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಸಾಹೇಬರು ಎರಡು ಸಲ ಸಾಕು ನಿಲ್ಲಿಸು ಎಂದರು. ಅವನು ನಿಲ್ಲಿಸಲಿಲ್ಲ. ಕಬ್ಬಿಣ ಕಾಣುವವರೆಗೆ ಹೆರೆದ.

ಯಾರೋ ಓಡಿ ಹೋಗಿ ಕರೆತಂದ ಫಿಟ್ಟರ್ ದೀಪ ಹಿಡಿದು ಬಗ್ಗಿದ. ಬಗ್ಗಿದವನು ಏಳಲಿಲ್ಲ. ಬೆಸುಗೆಯ ಬದಿಯಿಂದ ಹೊರಟ ಬಿರುಕು ಚೌಕಟ್ಟಿನ ಅರ್ಧ ದಾಟಿ ಹೋಗಿತ್ತು. ಸಾಹೇಬರೂ ಬಗ್ಗಿ ನೋಡಿದರು. ಅವರ ಕೂಗಾಟ ಅಲ್ಲಿಗೆ ನಿಂತಿತು. ಮೌಲಾಲಿ ನೋಡಿದ. ನೋಡಿ ಪಕ್ಕದ ಹಳಿಯ ಮೇಲೆ ಕೂತುಬಿಟ್ಟ. "ನಮ್ಮ ಮನ್ಯಾಗ ಯಾರೂ ಹೇಳಬ್ಯಾಡ್ರಿ," ಎಂದ.

ಫಿಟ್ಟರ್ ಅಳುವ ದನಿಯಲ್ಲಿ, "ತಪ್ಪು ನಂದು ಸಾಹೇಬ್ರ, ವೆಲ್ಡಿಂಗ್ ನಂದು," ಎಂದ.

ಫಕೀರಪ್ಪ ಎದ್ದು ನಿಂತ. "ವೆಲ್ಡಿಂಗ್ ಅವಂದು ಖರೆ. ಅಂವ ಮೊದಲ ತಡಿ ಅಂದಿದ್ದ, ಅವನ ಬಾಯಿ ಮುಚ್ಚಿಸಿದಾಂವ ನಾನು. ಇದು ಸಲಸಲಕ್ಕೂ ಹೊರಗ ಬರತಿತ್ತು, ಇದರ ಬಾಯಿ ಮುಚ್ಚಿದಾಂವನೂ ನಾನ. ಬರಕೋರಿ," ಎಂದ. ತಲೆ ತಗ್ಗಿಸದೆ ಎಂದ.

ಅವನನ್ನು ಮೇಸ್ತ್ರಿ ಕೆಲಸದಿಂದ ಇಳಿಸಿದರು. ನಿನ್ನೆಯವರೆಗೆ ಅವನ ಕೈಕೆಳಗೆ ಇದ್ದವರ ಜೊತೆ ಬ್ರಷ್ಷು ಹಿಡಿದ. ಯಾರೋ ಮುಸಿಮುಸಿ ನಕ್ಕರು, ಯಾರೋ ಅಯ್ಯೋ ಎಂದರು. ಅವನು ಎರಡಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ಇಂಜಿನ್ನಿನ ಚೌಕಟ್ಟು ಬದಲಾಗಿ ಅದು ಮತ್ತೆ ಬಣ್ಣದ ಶೆಡ್ಡಿಗೆ ಬಂದಾಗ ಮಾತ್ರ ಮುಂದೆ ಬಂದು ನಿಂತ. ಯಾರೋ ದೊಡ್ಡ ಅಧಿಕಾರಿಗಳು ನೋಡಲು ಬರುವವರಿದ್ದರು. ಆದದ್ದು ಆಯಿತು, ಈ ಸಲ ನಿನ್ನ ಕೈಚಳಕ ತೋರಿಸಿ ಮೊದಲಿನ ಹಾಗೆ ಮದುಮಗನನ್ನು ಮಾಡಿಬಿಡು, ಮೇಸ್ತ್ರಿ ಕೆಲಸ ತಿರುಗಿ ಕೊಡಿಸುತ್ತೇನೆ ಎಂದರು ಕಾರ್ಖಾನೆಯ ಸಾಹೇಬರು.

"ರೆಡ್ ಆಕ್ಸೈಡ್ ಒಂದ ಬಳೀತೀನ್ರಿ," ಎಂದ ಫಕೀರಪ್ಪ. "ಘಟ್ಟ ಏನಂತೈತಿ ಕೇಳೂಣು. ಆಮ್ಯಾಲೆ ಬಣ್ಣ."

"ಬಂದವರು ನಗತಾರಪಾ!"

"ನಗಲಿ ಬಿಡ್ರಿ."

ಸಾಹೇಬರು ಗದರಿಸಿದರು, ಆಸೆ ತೋರಿಸಿದರು, ಬೇರೆಯವರ ಕೈಯಲ್ಲಿ ಬಳಿಸುತ್ತೇನೆ ಎಂದೂ ಹೇಳಿದರು. ಬೇರೆ ಯಾರೂ ಡಬ್ಬಿ ಮುಟ್ಟಲಿಲ್ಲ. ಅವರೂ ಆ ಬಿರುಕನ್ನು ಕಣ್ಣಾರೆ ಕಂಡವರೇ. ಇಂಜಿನ್ನು ಕೆಂಪಿನಲ್ಲೇ ಹೋಯಿತು. ಅಂದಿನಿಂದ ಆ ಶೆಡ್ಡಿನಲ್ಲಿ ಎಂಥ ಸಾಹೇಬ ಬಂದರೂ ಸರಿ, ಎಷ್ಟು ಜನ ನಕ್ಕರೂ ಸರಿ, ಘಟ್ಟ ಇಳಿದು ಬರದ ಇಂಜಿನ್ನಿಗೆ ಮೇಲಿನ ಬಣ್ಣ ಬಳಿಯುವುದಿಲ್ಲ. ಫಕೀರಪ್ಪ ಕೊನೆಯವರೆಗೆ ಮೇಸ್ತ್ರಿಯಾಗಲಿಲ್ಲ.

ಅಜ್ಜ ಕತೆ ನಿಲ್ಲಿಸಿದರು. ಆಚೆಯ ಗೂಡ್ಸ್ ಗಾಡಿಗೆ ಸಿಗ್ನಲ್ ಸಿಕ್ಕಿತ್ತು. ಕೆಂಪು ಇಂಜಿನ್ನು ಒಮ್ಮೆ ಕೂಗಿ, ಜಗ್ಗಿ, ನಿಧಾನವಾಗಿ ಹೊರಟಿತು. ಡಬ್ಬಿಗಳು ಒಂದರ ಹಿಂದೆ ಒಂದು ಹಾದುಹೋದವು.

ಗುರುಪಾದಯ್ಯನಿಗೆ ಕತೆ ಯಾರಿಗೆ ಹೇಳಿದ್ದೆಂದು ಅರ್ಥವಾಗದೆ ಇರಲಿಲ್ಲ. ಅರ್ಥವಾದದ್ದರಿಂದಲೇ ಅವನ ಕುತ್ತಿಗೆಯ ನರ ಬಿಗಿಯಿತು. ಇಷ್ಟು ವರ್ಷ ಈ ಮುದುಕನ ಕಾಲು ಒತ್ತಿದ್ದೇನೆ, ಪೂಜೆಗೆ ನೀರು ಹೊತ್ತಿದ್ದೇನೆ, ಹೇಳಿದ್ದಕ್ಕೆಲ್ಲ ಹೂಂ ಎಂದಿದ್ದೇನೆ. ಇನ್ನೂ ನನ್ನನ್ನು ಪರೀಕ್ಷೆ ಮಾಡುವುದು ಮುಗಿದಿಲ್ಲವೇ? ಮಾತು ಬಾಯಿತನಕ ಬಂತು. ಅವನು ಅದನ್ನು ನುಂಗಿದ. ಕಣ್ಣು ಕೆಂಪಾಗಿತ್ತು. ಆದರೂ ಕೈ ಮುಗಿದು, ತಲೆ ಬಾಗಿಸಿ, ಎಂದಿನ ಹಾಗೆ ಮೆಲ್ಲಗೆ ನಕ್ಕ.

"ಅಜ್ಜಾರೇ, ಇಷ್ಟು ವರ್ಷ ನನ್ನನ್ನು ನೋಡಿದ್ದೀರಿ. ನನ್ನಲ್ಲಿ ನಿಮಗೆ ಬಿರುಕು ಎಲ್ಲಿ ಕಂಡಿತು?"

ಅಜ್ಜ ಅವನ ಮುಖವನ್ನೇ ನೋಡುತ್ತ ಕೇಳಿದರು:

"ಈಗ ನಕ್ಕೆಯಲ್ಲ ಪಾದಯ್ಯ, ಅದು ಎಷ್ಟನೆಯ ಕೋಟು?"